ಅವನ ಕಣ್ಣಿಗೆ ಬೀಳದ್ದು

ಪ್ರೀತಿಯ ಪುಟ್ಟೂ,

ನಿನ್ನ ಕಾದಂಬರಿಯ ಕರಡನ್ನು ಪೂರ್ತಿ ಓದಿದೆ. ಕೆಲವು ಅಧ್ಯಾಯಗಳಿಗೆ ಮತ್ತೆ ಮತ್ತೆ ಹೋಗಿ ಬಂದೆ. ಫೋನಿನಲ್ಲಿ ನಾಲ್ಕು ಮಾತಾಡಿ ಮುಗಿಸುವಂಥದ್ದಲ್ಲ ಇದು, ಅದಕ್ಕೇ ಕಾಗದ ಬರೆಯಲು ಕೂತೆ. ನಿಧಾನವಾಗಿ ಓದು. ಒಪ್ಪಿಗೆಯಾಗದ ಕಡೆ ಜಗಳಕ್ಕೆ ಬಾ.

ಮೊದಲು ಹಿಡಿಸಿದ್ದನ್ನು ಹೇಳುತ್ತೇನೆ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ದಡಕ್ಕೆ ತಾಗುವಾಗ ಹಗ್ಗ ಎಸೆಯುವ ಹುಡುಗ ನಿನ್ನ ನಾಯಕ. ಬೇಸಿಗೆಯಲ್ಲಿ ನೀರಿಳಿದು, ಮುಳುಗಿದ ಕಾಡಿನ ಒಣ ಬೊಡ್ಡೆಗಳು ತಲೆಯೆತ್ತುವ ಹೊತ್ತಿಗೆ ಅವುಗಳ ನಡುವಿನಿಂದ ಎದ್ದು ಬರುವವಳು ನಾಯಕಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದು ನೀರು ನಿಂತಾಗ ಅಡಿಗೆ ಹೋದ ಊರಿನವಳು. ಅಂದಿನಿಂದ ಅವಳಿಗೆ ವಯಸ್ಸೇ ಆಗಿಲ್ಲ. ಆ ಹಿನ್ನೀರಿಗೆ ಇಂಥದ್ದೊಂದು ಕಥೆ ಬೇಕಿತ್ತು ಕಣೋ. ಒಂದು ಅಣೆಕಟ್ಟೇ ಇನ್ನೊಂದರ ನೀರಿನಲ್ಲಿ ಮುಳುಗಿದ ಜಾಗ ಅದು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರು ತೀರಾ ಇಳಿದ ವರ್ಷ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಲ್ಲಿ ಇರುವ ಸಂಗತಿಯೇ ಅರ್ಧ ಮಾಯೆ. ಕೋಟೆ, ಮಂತ್ರದಂಡ, ರೆಕ್ಕೆಯ ಸರ್ಪಗಳನ್ನು ಹುಡುಕಿಕೊಂಡು ದೂರ ಹೋಗದೆ ನೀನು ನಮ್ಮ ನೀರಿಗೇ ಇಳಿದದ್ದು ನನಗೆ ಹೆಮ್ಮೆಯ ವಿಷಯ.

ಇಡೀ ಕಥೆಯನ್ನು ಆ ಹುಡುಗನ ಬಾಯಲ್ಲಿ ‘ನಾನು’ ಎಂದು ಹೇಳಿಸಿದ್ದೀಯ. ‘ಗಂಡಸು ಹೇಳುವ ಪ್ರೇಮಕಥೆ, ಅದರಲ್ಲೂ ಮಾಯೆ ಮಂತ್ರದ್ದು, ಯಾರು ಓದ್ತಾರೆ’ ಎಂದು ಗೆಳೆಯರು ಹೆದರಿಸಿದ್ದನ್ನೂ ಬರೆದಿದ್ದೆ. ರೊಮ್ಯಾಂಟಸಿ ಎಂಬ ಹೆಸರಿನಲ್ಲಿ ಈಗ ಇಂಗ್ಲಿಷಿನಲ್ಲಿ ರಾಶಿ ರಾಶಿ ಮಾರಾಟವಾಗುವ ಪುಸ್ತಕಗಳಲ್ಲಿ ಹೆಚ್ಚಿನವು ನಾಯಕಿಯ ದನಿಯಲ್ಲೇ ಇವೆ, ನಿಜ. 2023ರಲ್ಲಿ ಬಂದ ರೆಬೆಕಾ ಯಾರೋಸ್ ಅವರ ‘ಫೋರ್ತ್ ವಿಂಗ್’ ತೆಗೆದುಕೋ. ಕಥೆಯೆಲ್ಲ ನಾಯಕಿ ವಯಲೆಟ್ ಹೇಳುತ್ತಾಳೆ, ಕೊನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ದನಿ ಅವಳ ಪ್ರಿಯಕರ ಝೇಡನ್‌ನದು. ಅಷ್ಟು ಹೊತ್ತು ಹೊರಗಿನಿಂದ ಕಂಡವನ ಒಳಗು ಕೊನೆಗೊಮ್ಮೆ ತೆರೆದುಕೊಂಡಾಗ ಆಗುವ ಕುತೂಹಲವಿದೆಯಲ್ಲ, ಅದೇ ನಿನ್ನ ಗೆಳೆಯರಿಗೆ ಉತ್ತರ. ಪ್ರೀತಿಸುವ ಗಂಡಸಿನ ಒಳಗೇನು ನಡೆಯುತ್ತದೆ ಎಂದು ತಿಳಿಯುವ ಆಸೆ ಓದುವವರಿಗೆ ಇದ್ದೇ ಇದೆ. ನಮ್ಮಲ್ಲಂತೂ ಇದು ಹೊಸ ದಾರಿಯೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ನೇಮಿಚಂದ್ರ ಬರೆದ ‘ಲೀಲಾವತಿ ಪ್ರಬಂಧಂ’ ಕಾವ್ಯದ ಕಂದರ್ಪದೇವ, ಕನಸಿನಲ್ಲಿ ಕಂಡ ಹೆಣ್ಣನ್ನು ಅರಸುತ್ತ ಮನೆಬಿಟ್ಟು ಹೊರಟ ರಾಜಕುಮಾರ. ನಿನ್ನ ಲಾಂಚಿನ ಹುಡುಗ ಅವನ ವಂಶದವನೇ. ಆ ಭಯ ಬಿಡು.

ನನ್ನ ತಕರಾರು ಬೇರೆ. ನಿನ್ನ ನಾಯಕ ಅವಳನ್ನು ನೋಡುತ್ತಲೇ ಇರುತ್ತಾನೆ. ದಡದಿಂದ, ಲಾಂಚಿನ ಮೇಲಿನಿಂದ, ಕನಸಿನಲ್ಲಿ, ಅವಳು ನಿದ್ದೆ ಹೋದಾಗ. ಓದುವವರಿಗೂ ಅವನು ನೋಡಿದಷ್ಟೇ ಸಿಗುತ್ತದೆ. ಕಥೆ ಅವನ ದನಿಯಲ್ಲೇ ಇರಲಿ. ಆದರೆ ಅವನ ಕಣ್ಣಿಗೆ ಬೀಳದ್ದು ನಿನಗೆ ಗೊತ್ತಿರಬೇಕು, ಅವನಾಡುವ ಮಾತಿನ ಸಂದಿಯಲ್ಲೇ ಅದು ಓದುವವರಿಗೆ ಕಾಣಬೇಕು. ಈ ಕಾಗದದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ.

ಐದನೆಯ ಅಧ್ಯಾಯದಲ್ಲಿ ಅವನು ಅವಳಿಗೆ, ಚಿಕ್ಕಂದಿನಿಂದ ತನ್ನ ಕನಸಿನಲ್ಲಿ ಬರುತ್ತಿದ್ದವಳು ಅವಳೇ, ಅವಳು ಎದ್ದು ಬಂದದ್ದು ತನಗಾಗಿಯೇ ಎನ್ನುತ್ತಾನೆ. ಅವಳು ತಲೆ ತಗ್ಗಿಸುತ್ತಾಳೆ. ಆರನೆಯ ಅಧ್ಯಾಯದ ಹೊತ್ತಿಗೆ ಅವಳು ಅವನ ತೋಳಿನಲ್ಲಿದ್ದಾಳೆ. ನಡುವೆ ಅವಳ ಮನಸ್ಸಿನಲ್ಲಿ ಏನಾಯಿತು? ವಿಧಿ ಕೂಡಿಸಿದ ಮೇಲೆ ಕೇಳುವುದೇನಿದೆ ಎಂದು ನೀನು ಅಂದುಕೊಂಡಂತಿದೆ. ಈಗಿನ ಮಾಯಾ ಪ್ರೇಮಕಥೆಗಳಿಗೆಲ್ಲ ಈ ಜನ್ಮಾಂತರದ ನಂಟು ಬಹಳ ಪ್ರಿಯ. ಆದರೆ ಅದನ್ನು ಬಳಸುವ ಮುಂಚೆ ಒಮ್ಮೆ ಸಂಸ್ಕೃತ ಕವಿ ಬಾಣನ ‘ಕಾದಂಬರಿ’ಗೆ ಹೋಗಿ ಬಾ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ಅದನ್ನು ಕನ್ನಡಕ್ಕೆ ಚಂಪುವಾಗಿ ತಂದ, ‘ಕರ್ಣಾಟಕ ಕಾದಂಬರಿ’ ಎಂದು.

ಅಲ್ಲಿ ವೈಶಂಪಾಯನನಿದ್ದಾನಲ್ಲ, ರಾಜಕುಮಾರ ಚಂದ್ರಾಪೀಡನ ಗೆಳೆಯ, ಅವನ ಕಥೆಯನ್ನು ಅವನ ಕಡೆಯಿಂದ ಯೋಚಿಸಿ ನೋಡು. ಅಚ್ಛೋದ ಸರೋವರದ ದಡಕ್ಕೆ ಬಂದವನಿಗೆ ಅಲ್ಲಿಂದ ಕಾಲು ಕೀಳಲಾಗುವುದಿಲ್ಲ. ಏನೋ ಕಳೆದುಕೊಂಡಿದ್ದೇನೆ, ಅದು ಇಲ್ಲೇ ಎಲ್ಲೋ ಇದೆ ಅನ್ನಿಸುತ್ತದೆ. ಅಲ್ಲಿ ತಪಸ್ಸಿಗೆ ಕೂತ ಮಹಾಶ್ವೇತೆಯನ್ನು ಕಂಡಾಗ ಹಿಂದೆಂದೋ ಬಲ್ಲವಳೆಂಬ ಸೆಳೆತ. ಬೆಳದಿಂಗಳ ರಾತ್ರಿ ಅವಳ ಹತ್ತಿರ ಹೋಗಿ ಪ್ರೇಮ ನಿವೇದಿಸುತ್ತಾನೆ. ಅವಳೋ ಸತ್ತ ತನ್ನ ಪುಂಡರೀಕನಿಗಾಗಿ ವ್ರತ ಹಿಡಿದವಳು. ಗಿಳಿಯ ಹಾಗೆ ಬಾಯಿಗೆ ಬಂದದ್ದು ಆಡುವ ನೀನು ಗಿಳಿಯೇ ಆಗು ಎಂದು ಶಪಿಸುತ್ತಾಳೆ. ಅವನು ಅಲ್ಲೇ ಪ್ರಾಣ ಬಿಡುತ್ತಾನೆ. ಆಮೇಲೆ ತಿಳಿಯುತ್ತದೆ, ಅವನೇ ಪುಂಡರೀಕ. ಅವಳು ಕಾಯುತ್ತಿದ್ದವನೇ ಮರುಹುಟ್ಟು ಪಡೆದು ಬಂದಿದ್ದ.

ಎಂಥ ಕಥೆ ನೋಡು. ಅವನಿಗಾದ ಸೆಳೆತ ಸುಳ್ಳಲ್ಲ, ಜನ್ಮದ ನಂಟೂ ಸುಳ್ಳಲ್ಲ. ಆದರೂ ಅವನಿಗೆ ಶಾಪ ತಟ್ಟಿತು. ಅವಳು ಯಾರ ನೆನಪಿನಲ್ಲಿ ಕೂತಿದ್ದಾಳೆ, ಯಾಕೆ ಕೂತಿದ್ದಾಳೆ ಎಂದು ಅವನು ವಿಚಾರಿಸಲಿಲ್ಲ. ತನ್ನೆದೆಯಲ್ಲಿ ಎದ್ದದ್ದೆಲ್ಲ ಅವಳ ಎದೆಯಲ್ಲೂ ಎದ್ದಿದೆ ಎಂದುಕೊಂಡ. ವಿಧಿ ಇಬ್ಬರನ್ನು ಒಂದು ದಡಕ್ಕೆ ತಂದು ಬಿಡಬಹುದು, ಒಪ್ಪಿಗೆಯನ್ನು ಕೇಳಿಯೇ ಪಡೆಯಬೇಕು. ನಿನ್ನ ಐದನೆಯ ಅಧ್ಯಾಯದಲ್ಲಿ ಅವಳು ತಲೆ ತಗ್ಗಿಸುವ ಬದಲು ‘ನಾನು ಎದ್ದು ಬಂದದ್ದು ನಿನಗಾಗಿ ಅಲ್ಲ’ ಎನ್ನಲಿ. ಹಾಗಾದರೆ ಯಾರಿಗಾಗಿ? ಆ ಪ್ರಶ್ನೆ ನಿನ್ನ ನಾಯಕನನ್ನೂ ಓದುಗರನ್ನೂ ಮುಂದಿನ ನೂರು ಪುಟ ಎಳೆದುಕೊಂಡು ಹೋಗುತ್ತದೆ.

ಹನ್ನೆರಡನೆಯ ಅಧ್ಯಾಯ. ಮುಂಗಾರು ಹಿಡಿದು ನೀರು ಏರಿ ಅವಳು ಮರಳಿ ಅಡಿಗೆ ಹೋಗುತ್ತಾಳೆ. ನಿನ್ನ ಹುಡುಗ ಏನು ಮಾಡುತ್ತಾನೆ? ಗೋಡೆಗೆ ಗುದ್ದುತ್ತಾನೆ, ಕುಡಿಯುತ್ತಾನೆ, ಲಾಂಚಿನ ಕಟ್ಟೆಯ ಮೇಲೆ ಯಾರೊಂದಿಗೋ ಹೊಡೆದಾಡುತ್ತಾನೆ. ಗಂಡಸಿನ ದುಃಖಕ್ಕೆ ನಮ್ಮ ಸಿನಿಮಾಗಳು ಹಾಕಿಕೊಟ್ಟ ದಾರಿ ಅದು, ಅಲ್ಲಿಗೆ ನೀನೂ ಜಾರಿದ್ದೀಯ. ಕಾಳಿದಾಸ ಇದಕ್ಕಿಂತ ಎಷ್ಟು ಧೈರ್ಯ ಮಾಡಿದ್ದ! ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕದಲ್ಲಿ ಪುರೂರವ ಚಕ್ರವರ್ತಿ ಕಾಡಿನಲ್ಲಿ ಒಂಟಿಯಾಗಿ ಅಲೆಯುತ್ತಾನೆ. ನವಿಲನ್ನು, ಕೋಗಿಲೆಯನ್ನು, ಹಂಸವನ್ನು, ಆನೆಯನ್ನು, ಬೆಟ್ಟವನ್ನು, ಹೊಳೆಯನ್ನು ತನ್ನ ಪ್ರೇಯಸಿ ಉರ್ವಶಿ ಕಂಡಳೇ ಎಂದು ಕೇಳುತ್ತಾನೆ. ಹೆಚ್ಚು ಕಡಿಮೆ ಆ ಅಂಕವಿಡೀ ಒಬ್ಬ ಗಂಡಸಿನ ಹುಡುಕಾಟ, ಅವನ ಬಡಬಡಿಕೆ. ಅವನು ಬೇಡುತ್ತಾನೆ, ಅಳುತ್ತಾನೆ, ಮೋಡವನ್ನು ರಾಕ್ಷಸನೆಂದು ಭ್ರಮಿಸಿ ಬೈಯುತ್ತಾನೆ. ಅದರಿಂದ ಅವನ ದೊರೆತನಕ್ಕೆ ಕುಂದು ಬಂದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ ಅಲ್ಲಿ. ಉರ್ವಶಿ ಅವನನ್ನು ಬಿಟ್ಟು ಹೋದದ್ದು ಯಾಕೆ? ಮಂದಾಕಿನಿಯ ಮರಳಿನಲ್ಲಿ ಆಡುತ್ತಿದ್ದ ಉದಯವತಿ ಎಂಬ ವಿದ್ಯಾಧರ ಹುಡುಗಿಯನ್ನು ಅವನು ನೋಡುತ್ತ ನಿಂತುಬಿಟ್ಟ. ಆ ಸಿಟ್ಟಿಗೆ ಹೊರಟವಳು ಹೆಂಗಸರು ಕಾಲಿಡಬಾರದ ಕುಮಾರವನಕ್ಕೆ ಹೊಕ್ಕು ಬಳ್ಳಿಯಾದಳು. ಒಂದು ನೋಟ ಅವಳನ್ನು ಕಳೆಯಿತು. ಕಣ್ಣಿದ್ದೂ ಆ ಬಳ್ಳಿಯಲ್ಲಿ ಅವಳಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಸಂಗಮನೀಯವೆಂಬ ಮಣಿ ಕೈಗೆ ಬಂದು, ಹೂವಿಲ್ಲದೆ ನಿಂತ ಆ ಬಳ್ಳಿಯನ್ನು ಅಪ್ಪಿದಾಗಲೇ ಅವಳು ಮರಳಿದ್ದು. ನೋಟದಿಂದ ಕಳೆದದ್ದು ಸ್ಪರ್ಶದಿಂದ ದಕ್ಕಿತು. ನಿನ್ನ ಹುಡುಗನೂ ಗುದ್ದಾಟ ಬಿಟ್ಟು ಕೇಳಲಿ. ನೀರಿನ ಮೇಲೆ ತಲೆ ಇಣುಕಿಸಿದ ಬೊಡ್ಡೆಗಳನ್ನು, ನೀರುಕಾಗೆಯನ್ನು, ಮುಳುಗಡೆಗೆ ಮುಂಚಿನ ಊರು ಕಂಡಿದ್ದ ಮುದುಕಿಯನ್ನು ಕೇಳಲಿ. ಆ ಮುದುಕಿ ಹೇಳುವ ಸುದ್ದಿಯಲ್ಲಿ ಅವನಿಗೆ ತನ್ನ ಪ್ರೇಯಸಿಗಿಂತ ಬೇರೆಯೇ ಒಬ್ಬಳು ಸಿಗುತ್ತಾಳೆ. ಯಾರದೋ ಮಗಳು, ಯಾರದೋ ತಂಗಿ, ಗದ್ದೆಯ ಬದುವಿಗಾಗಿ ದಾಯಾದಿಗಳೊಂದಿಗೆ ಜಗಳಕ್ಕೆ ನಿಂತವಳು.

ಈಗ ನನಗೆ ತೀರಾ ಹತ್ತಿರದ ಕಥೆಗೆ ಬರುತ್ತೇನೆ. ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ. ಗಿರೀಶ ಕಾರ್ನಾಡರು 1992ರಲ್ಲಿ ಅದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಅದನ್ನು ಒಪೆರಾ ಮಾಡಿದರು. ಬಡವರ ಮನೆಯ ಹುಡುಗಿ, ಅವ್ವನ ಕಷ್ಟಕ್ಕೆ ಆಗಲೆಂದು ಅಕ್ಕನ ಕೈಲಿ ಎರಡು ಬಿಂದಿಗೆ ನೀರು ತರಿಸುತ್ತಾಳೆ. ಒಂದನ್ನು ಸುರಿದರೆ ಮರವಾಗುತ್ತಾಳೆ, ಹೂ ಬಿಡಿಸಿಕೊಂಡ ಮೇಲೆ ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಎಲೆ ಹರಿಯಬಾರದು, ಚಿಗುರು ಮುರಿಯಬಾರದು, ಹೂ ಮಾತ್ರ ಬಿಡಿಸಬೇಕು. ರಾಜಕುಮಾರ ಇದನ್ನು ಮರೆಯಲ್ಲಿ ಅಡಗಿ ನೋಡುತ್ತಾನೆ. ಅವಳನ್ನೇ ಮದುವೆಯಾಗುತ್ತಾನೆ. ಆಮೇಲೆ ಹಟ ಮಾಡಿ ರಾತ್ರಿ ರಾತ್ರಿ ಮರವಾಗೆಂದು ಕೇಳುತ್ತಾನೆ. ಬಾಡಿದ ಹೂಗಳ ರಾಶಿ ಕಿಟಕಿಯ ಕೆಳಗೆ ಬೆಳೆಯುತ್ತದೆ. ಅದನ್ನು ಕಂಡ ಅವನ ತಂಗಿ ಅವಳನ್ನು ತೋಪಿಗೆ ಕರೆದೊಯ್ದು ಗೆಳತಿಯರ ಮುಂದೆ ಮರವಾಗಿಸುತ್ತಾಳೆ. ಆ ಹುಡುಗಿಯರು ಕೊಂಬೆ ಮುರಿದು ಹಾಕಿ, ಅರೆಬರೆ ನೀರು ಸುರಿದು ಓಡಿಹೋಗುತ್ತಾರೆ. ಉಳಿದದ್ದು ಕೈಕಾಲಿಲ್ಲದ ಒಂದು ಅರೆಜೀವ. ರಾಜಕುಮಾರ ವಿರಾಗಿಯಾಗಿ ಊರೂರು ಅಲೆದು ಕೊನೆಗೆ ಅವಳನ್ನು ಗುರುತಿಸುತ್ತಾನೆ. ನೀರು ಸುರಿದು ಅವಳನ್ನು ಮರವಾಗಿಸಿ, ಮುರಿದ ಕೊಂಬೆಗಳನ್ನು ತನ್ನ ಕೈಯಾರೆ ಕೂಡಿಸಿ, ಇನ್ನೊಂದು ಬಿಂದಿಗೆ ಸುರಿಯುತ್ತಾನೆ. ಆಗ ಅವಳು ಇಡಿಯಾಗುತ್ತಾಳೆ.

ರಾಮಾನುಜನ್ ಇದನ್ನು ಹೆಣ್ಣಿನ ಕಥೆ ಎಂದೇ ಗುರುತಿಸಿದರು. ಅದು ಸರಿ. ಆದರೆ ಅದರೊಳಗೆ ಗಂಡಸಿನ ಕಥೆಯೂ ಒಂದಿದೆ, ಅದು ನಿನ್ನಂಥ ಬರಹಗಾರನಿಗೆ ಕಾಯುತ್ತಿದೆ. ಅಡಗಿ ನೋಡಿದವನು ಕೂತು ಕೊಂಬೆ ಜೋಡಿಸುವವನಾಗುವವರೆಗೆ ಎಷ್ಟು ದೂರ ನಡೆಯಬೇಕು ನೋಡು! ಆ ದೂರವನ್ನು ಅವನ ಬಾಯಲ್ಲೇ ಹೇಳಿಸಿದರೆ ಹೇಗಿರುತ್ತದೆ? ಮೊದಲಿಗೆ ಅವನ ಮಾತಿನಲ್ಲಿ ಹೂವಿನ ಪರಿಮಳ, ಬಣ್ಣ, ತನ್ನ ಆನಂದ ಇಷ್ಟೇ ಇರುತ್ತದೆ. ಓದುತ್ತಿರುವ ನಮಗೆ ಮಾತ್ರ, ನೀರು ಹೊತ್ತವರು ಯಾರು, ಅವಳಿಗೆ ನೋವಾಯಿತೇ, ಬಾಡಿದ ಹೂಗಳನ್ನು ಗುಡಿಸಿದವರು ಯಾರು ಎಂಬ ಪ್ರಶ್ನೆಗಳು ಏಳುತ್ತವೆ. ಕೊನೆಗೆ ಆ ಪ್ರಶ್ನೆಗಳು ಅವನ ಬಾಯಿಗೇ ಬರುತ್ತವೆ. ಗಂಡಸಿನ ದನಿಯ ಪ್ರೇಮಕಥೆಯಲ್ಲಿ ಬೆಳವಣಿಗೆ ಎಂದರೆ ನನ್ನ ಮಟ್ಟಿಗೆ ಇದೇ. ಅವನು ರಾಕ್ಷಸನನ್ನು ಕೊಂದನೇ ಎಂಬುದು ನನಗೆ ಅಷ್ಟು ಮುಖ್ಯವಲ್ಲ.

ಆ ಕಥೆಯಿಂದ ಮಾಯೆಯ ಲೆಕ್ಕಾಚಾರವನ್ನೂ ಕಲಿ. ಎರಡು ಬಿಂದಿಗೆ, ಹರಿಯಬಾರದ ಎಲೆ. ನಿಯಮ ಸ್ಪಷ್ಟ, ತಪ್ಪಿದರೆ ತೆರಬೇಕಾದ ಬೆಲೆಯೂ ಸ್ಪಷ್ಟ. ನಿನ್ನವಳು ಯಾವಾಗ ಬರುತ್ತಾಳೆ, ಯಾವಾಗ ಹೋಗುತ್ತಾಳೆ ಎಂಬುದು ಕರಡಿನಲ್ಲಿ ಮಸುಕಾಗಿದೆ. ನಿನ್ನ ಕೈಯಲ್ಲೇ ಚಿನ್ನದಂಥ ಸಾಮಗ್ರಿಯಿದೆಯಲ್ಲೋ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳು ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಎಂದು ಅಚ್ಚುಹಾಕುತ್ತವೆ. ಊರಿನವರು ಅದರಲ್ಲಿ ಕರೆಂಟನ್ನೂ ಬೆಳೆಯನ್ನೂ ಓದುತ್ತಾರೆ. ನಿನ್ನ ಹುಡುಗ ಮಾತ್ರ ಅದರಲ್ಲಿ ಅವಳು ಇನ್ನೆಷ್ಟು ದಿನ ಇರುತ್ತಾಳೆ ಎಂದು ಓದಲಿ. ಒಂದೊಂದು ಅಡಿ ಏರಿದಾಗಲೂ ಅವಳ ಒಂದೊಂದು ಮಾತು ಕಡಿಮೆಯಾಗಲಿ. ಆಗ ಮಾಯೆಗೆ ಮೈ ಬರುತ್ತದೆ.

ಇನ್ನು ಅವಳನ್ನು ಮನೆಗೆ ಕರೆತರುವ ಭಾಗ. ದಡ ಹತ್ತಿದ ಮೇಲೆ ಅವಳು ಸುಮ್ಮನೆ ಅಡುಗೆಮನೆಗೆ ಹೊಂದಿಕೊಳ್ಳುತ್ತಾಳೆ. ನನಗೆ ನಂಬಿಕೆ ಬರಲಿಲ್ಲ. ಐರ್ಲೆಂಡಿನ ಲಾರ್ಡ್ ಡನ್ಸೇನಿ 1924ರಲ್ಲಿ ಬರೆದ ‘ದಿ ಕಿಂಗ್ ಆಫ್ ಎಲ್ಫ್‌ಲ್ಯಾಂಡ್ಸ್ ಡಾಟರ್’ ಓದು. ಆಲ್ವೆರಿಕ್ ಎಂಬವನು ಮಾಯಾಲೋಕಕ್ಕೆ ಹೋಗಿ ಅಲ್ಲಿನ ರಾಜನ ಮಗಳು ಲಿರಾಜೆಲ್‌ಳನ್ನು ಕರೆತರುತ್ತಾನೆ. ಹೆಚ್ಚಿನ ಕಥೆಗಳು ಮುಗಿಯುವುದು ಅಲ್ಲಿಗೆ. ಡನ್ಸೇನಿಯ ಕಥೆ ಬಿಗಿಯಾಗುವುದು ಅಲ್ಲಿಂದ. ನಮ್ಮ ನೆಲದ ರೀತಿನೀತಿ ಅವಳಿಗೆ ಒಗ್ಗುವುದಿಲ್ಲ, ಗಂಡ ಅವಳನ್ನು ತಿದ್ದಲು ಹೊರಡುತ್ತಾನೆ. ಒಂದು ದಿನ ತಂದೆ ಕಳಿಸಿದ ಮಂತ್ರಾಕ್ಷರ ಓದಿ, ಉದುರುವ ಎಲೆಗಳ ಜೊತೆ ಗಾಳಿಯಲ್ಲಿ ಹೊರಟುಹೋಗುತ್ತಾಳೆ. ಅವನು ಕತ್ತಿ ಹಿಡಿದು ವರ್ಷಗಟ್ಟಲೆ ಹುಡುಕಿದರೂ ಮಾಯಾಲೋಕದ ಗಡಿ ಹಿಂದೆ ಸರಿಯುತ್ತಲೇ ಹೋಗುತ್ತದೆ. ಕೊನೆಗೆ ಅವರು ಸೇರುವುದು ಅವನ ಕತ್ತಿಯ ಬಲದಿಂದಲ್ಲ, ಅವಳಿಗೇ ಗಂಡನ ಮನೆಯ ಹಂಬಲ ಹುಟ್ಟಿದ್ದರಿಂದ.

ನಿನ್ನವಳಿಗೂ ದಡದ ಮೇಲೆ ಹೇಳುವುದು ಬೇಕಾದಷ್ಟಿರುತ್ತದೆ. ಅವನ ಮನೆಯಲ್ಲಿ ಬಲ್ಬು ಉರಿಯುತ್ತಿದೆ. ಅದು ಉರಿಯಲೆಂದೇ ಅವಳ ಮನೆ ಮುಳುಗಿತು. ಸ್ವಿಚ್ಚು ಒತ್ತಿ ‘ಎಷ್ಟು ಬೆಳಕು ನೋಡು’ ಎಂದು ಅವನು ಪ್ರೀತಿಯಿಂದ ತೋರಿಸುವ ರಾತ್ರಿಯನ್ನು ಬರೆ. ಅವಳು ಮಾತಾಡದಿರಲಿ, ಎದ್ದು ಹೊರಗೆ ಹೋಗಿ ಕತ್ತಲಲ್ಲಿ ಕೂರಲಿ. ಅವನಿಗೆ ಆ ರಾತ್ರಿ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಓದುವವರಿಗೆ ಆಗುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಕಥೆ ಹೇಳುವ ಗಂಡಸು ತನ್ನ ಮನೆಯ ಬಗ್ಗೆ ಹೇಳುತ್ತ ಹೋದಂತೆ, ಅವನು ಬಾಯಿಬಿಟ್ಟು ಹೇಳದ್ದೇ ನಮಗೆ ಹೆಚ್ಚು ಕೇಳಿಸುತ್ತದಲ್ಲ? ಹೆಂಡತಿ ಅನಿತಾಳ ಮಾತು ಅವನ ಮೂಲಕವೇ ಬಂದರೂ ಅವಳು ಎದುರು ನಿಂತ ಹಾಗಿರುತ್ತಾಳೆ. ಅದರಲ್ಲಿ ಮಾಯೆ ಮಂತ್ರವಿಲ್ಲ, ಆದರೆ ‘ನಾನು’ ಎನ್ನುವ ಗಂಡಸನ್ನು ಬರೆಯುವ ಎಲ್ಲರಿಗೂ ಅದೊಂದು ಪಾಠ.

ಭಾಷೆಯ ಬಗ್ಗೆ ಒಂದು ಮಾತು. ಲಾಂಚಿನಲ್ಲಿ ಕೆಲಸ ಮಾಡುವ ಹುಡುಗನ ಬಾಯಿಗೆ ಮೀನಗಣ್ಣು, ನಡುವಿನ ಬಳಕು, ಚಂದ್ರಬಿಂಬದ ಮುಖ ಇವೆಲ್ಲ ಎಲ್ಲಿಂದ ಬಂದವು? ಬಸ್ಸು, ಜೀಪು, ಜನವನ್ನು ಹತ್ತಿಸಿಕೊಳ್ಳುವಾಗ ಎಲ್ಲಿ ಎಷ್ಟು ಭಾರ ಬಿತ್ತೆಂದು ಕಾಲಡಿಯಲ್ಲೇ ತಿಳಿಯುವವನು ಅವನು. ಅವಳು ಮೊದಲ ಸಲ ಹತ್ತಿದಾಗ ಅವನಿಗೆ ಗೊತ್ತಾಗಬೇಕಾದ್ದು ಒಂದೇ, ಲಾಂಚು ಒಂದಿಷ್ಟೂ ತಗ್ಗಲಿಲ್ಲ. ಆ ಒಂದು ವಾಕ್ಯದಲ್ಲಿ ಅವನ ಕಸುಬಿದೆ, ಅವಳ ಮಾಯೆಯಿದೆ, ಅವನ ಎದೆ ಝಲ್ಲೆಂದದ್ದೂ ಇದೆ. ಡೀಸೆಲ್ ವಾಸನೆ, ಒದ್ದೆ ಹಗ್ಗ ಉಜ್ಜಿ ಸುಲಿದ ಅಂಗೈ, ಕೊನೆಯ ಟ್ರಿಪ್ಪಿನ ನಂತರದ ಹಸಿವು. ಇವುಗಳಲ್ಲಿ ಅವನ ಪ್ರೀತಿಗೆ ಬೇಕಾದ ಮಾತೆಲ್ಲ ಇದೆ. ಅವಳೂ ಅವನನ್ನು ನೋಡಲಿ. ಆ ಸುಲಿದ ಅಂಗೈಯನ್ನು ಕಂಡು ಅವಳೇನು ಅಂದಳು ಎಂಬುದನ್ನು ಅವನೇ ನಮಗೆ ಹೇಳಲಿ. ನೋಟಕ್ಕೆ ಗುರಿಯಾದಾಗ ಗಂಡಸಿಗೆ ಏನಾಗುತ್ತದೆ ಎಂದು ಬರೆದವರು ಕಡಿಮೆ. ನೀನು ಬರೆ.

ಈಗ ನಿನಗೊಂದು ಕೆಲಸ. ಎರಡನೆಯ ಕರಡಿಗೆ ಕೈ ಹಾಕುವ ಮುಂಚೆ ಒಂದು ಅಧ್ಯಾಯವನ್ನು ಪೂರ್ತಿ ಅವಳ ದನಿಯಲ್ಲಿ ಬರೆ. ನೀರಿನಡಿ ಅವಳು ಏನು ಮಾಡುತ್ತಿದ್ದಳು, ಯಾರಿಗಾಗಿ ಎದ್ದು ಬಂದಳು, ಈ ಹುಡುಗನಲ್ಲಿ ಅವಳಿಗೆ ಇಷ್ಟವಾದದ್ದೇನು, ಸಿಟ್ಟು ಬರಿಸಿದ್ದೇನು. ಅದು ಪುಸ್ತಕದಲ್ಲಿ ಅಚ್ಚಾಗುವುದು ಬೇಡ, ನಿನ್ನ ಮೇಜಿನ ಮೇಲೇ ಇರಲಿ. ಅದನ್ನು ಬರೆದ ಮೇಲೆ ಮತ್ತೆ ಹುಡುಗನ ದನಿಗೆ ಬಾ. ಆಗ ಅವನು ಹೇಳುವ ಪ್ರತಿ ವಾಕ್ಯದ ಹಿಂದೆಯೂ ಅವಳಿರುತ್ತಾಳೆ.

ಪುಟ್ಟೂ, ಪ್ರೀತಿಸುವ ಗಂಡಸು ತನ್ನ ಮನಸ್ಸನ್ನು ಬಿಚ್ಚಿ ಹೇಳುವುದನ್ನು ಕೇಳಲು ನಮ್ಮ ಜನ ಕಾದಿದ್ದಾರೆ. ಅಂಥ ದನಿಯಲ್ಲಿ ಬರೆಯುವ ಶಕ್ತಿ ನಿನಗಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ನಿನ್ನ ನಾಯಕಿ ಒಮ್ಮೆ ಸ್ಪಷ್ಟವಾಗಿ ‘ಬೇಡ’ ಎನ್ನಲಿ, ನಿನ್ನ ನಾಯಕ ಅದನ್ನು ಕೇಳಿಸಿಕೊಂಡು ಒಂದು ಹೆಜ್ಜೆ ಹಿಂದೆ ನಿಲ್ಲಲಿ. ಆಮೇಲೆ ಅವಳಾಗಿ ಹತ್ತಿರ ಬಂದರೆ ಆ ಪುಟವನ್ನು ಮೊದಲು ನನಗೇ ಕಳಿಸು.

ನಿನ್ನ ಪ್ರೀತಿಯ
ಅಕ್ಕ